ಎಡಗೈಗೆ ಹಾಕಿ ಎಂದವಳು ನಾನೇ

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಲು ಬಂದ ಸಿಸ್ಟರ್ "ಯಾವ ಕೈಗೆ ಹಾಕಲಿ?" ಎಂದು ಕೇಳಿದರೆ ನಮ್ಮಲ್ಲಿ ಯಾರೂ ಯೋಚಿಸುವುದಿಲ್ಲ. "ಎಡಗೈಗೆ ಹಾಕಿ, ಬಲಗೈ ಊಟಕ್ಕೆ ಬೇಕಲ್ಲ" ಎನ್ನುತ್ತೇವೆ. ಅಮ್ಮನ ಪಕ್ಕ ನಿಂತು ನಾನೂ ಹಾಗೆಯೇ ಹೇಳಿದೆ. ಎರಡು ವರ್ಷಗಳಲ್ಲಿ ಮೂರು ಸಲ ಹೇಳಿದೆ. ಒಮ್ಮೆ ಮಳೆಗಾಲದ ಜ್ವರ, ಒಮ್ಮೆ ಮೂತ್ರದ ಸೋಂಕು, ಒಮ್ಮೆ ಉಸಿರಾಟದ ತೊಂದರೆ. ಪ್ರತಿ ಸಲ ನಾಲ್ಕೈದು ದಿನ ವಾರ್ಡಿನಲ್ಲಿ, ಪ್ರತಿ ಸಲ ಎಡಗೈಯ ಮುಂಗೈಯಲ್ಲಿ ಸೂಜಿ. ಒಂದು ಕಡೆ ಊದಿಕೊಂಡರೆ ಅಲ್ಲಿಂದ ತೆಗೆದು ಎರಡು ಇಂಚು ಮೇಲೆ ಮತ್ತೊಂದು. ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಹದಿನೆಂಟು ವರ್ಷವಾಗಿತ್ತು. ಕಿಡ್ನಿ ಸೋಲುತ್ತಿದೆ ಎಂದು ರಕ್ತಪರೀಕ್ಷೆಯಲ್ಲಿ ತಿಳಿಸುವ ಕ್ರಿಯಾಟಿನಿನ್ ಮೆಲ್ಲಮೆಲ್ಲನೆ ಏರುತ್ತಿರುವುದು ನಮಗೆ ಗೊತ್ತಿತ್ತು. ಆ ಏರಿಕೆಗೂ ಎಡಗೈಯ ಸೂಜಿಗೂ ಇರುವ ಸಂಬಂಧ ಮಾತ್ರ ಗೊತ್ತಿರಲಿಲ್ಲ.

ಗೊತ್ತಾದದ್ದು ಮಂಗಳೂರಿನ ಒಂದು ಸ್ಕ್ಯಾನಿಂಗ್ ಕೋಣೆಯಲ್ಲಿ, ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ. ಡಯಾಲಿಸಿಸ್, ಅಂದರೆ ಕಿಡ್ನಿಯ ಬದಲು ಯಂತ್ರದಲ್ಲಿ ರಕ್ತ ಶುದ್ಧಿ ಮಾಡುವುದು, ಇನ್ನು ತಪ್ಪದು, ಕೈಯ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿಸಬೇಕು, ಅದಕ್ಕೆ ಮೊದಲು ರಕ್ತನಾಳಗಳ ನಕ್ಷೆ ತೆಗೆಯಬೇಕು ಎಂದು ಡಾಕ್ಟರು ಕಳಿಸಿದ್ದರು. ಅಮ್ಮನ ಎಡಗೈಗೆ ತಣ್ಣಗಿನ ಜೆಲ್ಲು ಸವರಿ, ಸ್ಕ್ಯಾನ್ ಮಾಡುವ ಡಾಕ್ಟರು ಮಣಿಕಟ್ಟಿನಿಂದ ಮೇಲಕ್ಕೆ ಸಲಕರಣೆಯನ್ನು ಇಂಚಿಂಚಾಗಿ ಸರಿಸುತ್ತ ಪ್ರತಿ ಜಾಗದಲ್ಲೂ ಹಗುರವಾಗಿ ಒತ್ತಿ ಬಿಡುತ್ತಿದ್ದರು. ಪರದೆಯ ಮೇಲೆ ಕಪ್ಪು ಚುಕ್ಕಿಗಳು. ಒತ್ತಿದಾಗ ಮುಚ್ಚಿಕೊಂಡು, ಬಿಟ್ಟಾಗ ಮತ್ತೆ ತೆರೆದುಕೊಳ್ಳುವುದು ಒಳ್ಳೆಯ ನಾಳ ಎಂದು ತೋರಿಸಿದರು. ಮುಂಗೈಯ ನಡುವಿಗೆ ಬಂದಾಗ ಅವರ ಕೈ ನಿಂತಿತು. ಅಲ್ಲಿ ಒತ್ತಿದರೂ ಚುಕ್ಕಿ ಮುಚ್ಚಿಕೊಳ್ಳಲಿಲ್ಲ. ಬೂದು ಬಣ್ಣದ ಏನೋ ಒಳಗೆ ಗಟ್ಟಿಯಾಗಿ ಕುಳಿತಿತ್ತು. "ಇಲ್ಲಿ ತುಂಬ ಸಲ ಡ್ರಿಪ್ ಹಾಕಿದ್ದಾರಾ?" ಎಂದು ಕೇಳಿದರು. ಅಮ್ಮ ನನ್ನ ಮುಖ ನೋಡಿದಳು.

ನಮ್ಮ ಮಾತಿನಲ್ಲಿ ಎಲ್ಲವೂ ನರವೇ. ಸೂಜಿ ಹಾಕುವ ನೀಲಿ ನಾಳಕ್ಕೂ ನರ ಎನ್ನುತ್ತೇವೆ, ಸಿಗದಿದ್ದರೆ "ನರ ಸಿಗುತ್ತಿಲ್ಲ" ಎನ್ನುತ್ತೇವೆ. ಪುಸ್ತಕದ ಕನ್ನಡದಲ್ಲಿ ಹೃದಯದಿಂದ ರಕ್ತ ಹೊರಡುವ ದಾರಿ ಅಪಧಮನಿ, ಹಿಂದಿರುಗುವ ದಾರಿ ಅಭಿಧಮನಿ. ಚರ್ಮದಡಿ ಕಾಣುವ, ಸೂಜಿಗೆ ಸುಲಭವಾಗಿ ಸಿಗುವ ಅಭಿಧಮನಿಯಲ್ಲಿ ರಕ್ತ ನಿಧಾನವಾಗಿ ಹರಿಯುತ್ತದೆ. ರಭಸವಿರುವ ಅಪಧಮನಿ ಆಳದಲ್ಲಿದೆ, ಅದಕ್ಕೆ ವಾರವಾರ ಚುಚ್ಚುವ ಹಾಗಿಲ್ಲ. ಡಯಾಲಿಸಿಸ್ ಯಂತ್ರಕ್ಕೆ ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ರಕ್ತ ಬೇಕು, ಅದೂ ನಾಲ್ಕು ಗಂಟೆ ಎಡೆಬಿಡದೆ. ರಭಸವಿರುವಲ್ಲಿ ಕೈ ಎಟುಕದು, ಕೈ ಎಟುಕುವಲ್ಲಿ ರಭಸವಿಲ್ಲ. ಡಯಾಲಿಸಿಸ್ಸಿನ ತಲೆನೋವಿನ ಮೂಲ ಇದೇ. ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿಬಿಟ್ಟರೆ ಆ ರಭಸ ಮೇಲಿನ ನಾಳಕ್ಕೆ ಬರುತ್ತದೆ, ಕೆಲವು ವಾರಗಳಲ್ಲಿ ನಾಳ ಅಗಲವಾಗಿ ಗೋಡೆ ದಪ್ಪವಾಗುತ್ತದೆ. ಅದೇ ಫಿಸ್ಟುಲಾ. ಬೇಸಿಗೆಯ ಸಣ್ಣ ತೋಡಿಗೆ ಹೊಳೆಯ ನೀರು ತಿರುಗಿಸಿದರೆ ತೋಡು ತಾನೇ ಅಗಲವಾಗುವ ಹಾಗೆ. ಆದರೆ ತೋಡಿನಲ್ಲಿ ಮೊದಲೇ ಕಲ್ಲುಮಣ್ಣು ಕುಸಿದು ಬಿದ್ದಿದ್ದರೆ ನೀರು ತಿರುಗಿಸಿ ಏನು ಪ್ರಯೋಜನ?

ಫಿಸ್ಟುಲಾವನ್ನು ಸಾಮಾನ್ಯವಾಗಿ ಹೆಚ್ಚು ಬಳಸದ ಕೈಗೆ ಮಾಡುತ್ತಾರೆ. ನಮ್ಮಲ್ಲಿ ಬಹುತೇಕರಿಗೆ ಅದು ಎಡಗೈ. ಡ್ರಿಪ್ಪಿಗೆ ನಾವು ಮುಂದೆ ಮಾಡುವುದೂ ಅದೇ ಎಡಗೈ. ಊಟದ ಕೈಯನ್ನು ಕಾಪಾಡಲು ಹೋಗಿ ಬದುಕಿನ ಕೈಯನ್ನು ಕಳೆದುಕೊಳ್ಳುತ್ತಿದ್ದೇವೆ ಎಂದು ಆ ಮೂರು ಸಲದಲ್ಲಿ ಯಾರೂ ನನಗೆ ಹೇಳಲಿಲ್ಲ. ಅಮ್ಮನ ಫೈಲಿನಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಫೈಲು ಒಂದು ಮೇಜಿನ ಮೇಲೆ, ಸೂಜಿ ಇನ್ನೊಬ್ಬರ ಕೈಯಲ್ಲಿ. ಆಸ್ಪತ್ರೆಯನ್ನು ದೂರುವುದು ನನ್ನ ಉದ್ದೇಶವಲ್ಲ. ಒಬ್ಬೊಬ್ಬ ಸಿಸ್ಟರ್ ಎಷ್ಟು ಮಂಚ ನೋಡಿಕೊಳ್ಳಬೇಕು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಆದರೂ ಈ ಒಂದು ಮಾತು ಸಮಯಕ್ಕೆ ಸಿಕ್ಕಿದ್ದರೆ ಅಮ್ಮನ ಆರು ತಿಂಗಳು ಬೇರೆಯಾಗಿರುತ್ತಿತ್ತು.

ಆ ಆರು ತಿಂಗಳು ಹೇಗಿತ್ತೆಂದರೆ, ಫಿಸ್ಟುಲಾ ಸಿದ್ಧವಿಲ್ಲದ ಕಾರಣ ಕುತ್ತಿಗೆಯ ಬಲಬದಿಯ ದೊಡ್ಡ ನಾಳಕ್ಕೆ ಕ್ಯಾಥೆಟರ್ ಹಾಕಿದರು. ಚರ್ಮದಡಿ ಸುರಂಗದ ಹಾಗೆ ಹಾಯ್ದು ಎದೆಯ ಮೇಲೆ ಎರಡು ಬಾಯಿ ಹೊರಗೆ ಇಣುಕುವ ಕೊಳವೆ ಅದು. ಚುಚ್ಚುವ ನೋವಿಲ್ಲ, ಹಾಕಿದ ದಿನವೇ ಡಯಾಲಿಸಿಸ್ ಮಾಡಬಹುದು. ಆದರೆ ಒಂದು ತುದಿ ಹೃದಯದ ಬಾಗಿಲಲ್ಲಿದ್ದರೆ ಇನ್ನೊಂದು ತುದಿ ಹೊರಗಿನ ಗಾಳಿಯಲ್ಲಿ. ಸೋಂಕು ತಗಲಿದರೆ ನೇರವಾಗಿ ರಕ್ತಕ್ಕೇ. ಆ ಜಾಗಕ್ಕೆ ನೀರು ಸೋಕಬಾರದೆಂದು ತಲೆಗೆ ನೀರು ಹಾಕುವುದು ನಿಂತಿತು. ನಮ್ಮ ಕರಾವಳಿಯ ಸೆಕೆಯಲ್ಲಿ, ಕಟಪಾಡಿಯ ಹೆಂಚಿನ ಮನೆಯಲ್ಲಿ, ಆ ಶಿಕ್ಷೆ ಏನೆಂದು ಇಲ್ಲಿಯವರಿಗೆ ವಿವರಿಸಬೇಕಿಲ್ಲ. ದೀಪಾವಳಿಗೆ ನೀರು ತುಂಬುವ ಸಂಜೆ ಅಮ್ಮ ಹಂಡೆಗೆ ಹೂ ಮುಡಿಸಿ, ಸುಣ್ಣದ ಗೆರೆ ಎಳೆದು ನಮ್ಮೆಲ್ಲರಿಗೂ ಎಣ್ಣೆ ಹಚ್ಚಿದಳು. ಬೆಳಿಗ್ಗೆ ತಾನು ಮಾತ್ರ ಒದ್ದೆ ಬಟ್ಟೆಯಲ್ಲಿ ಕೈಕಾಲು ಒರೆಸಿಕೊಂಡು ದೇವರ ಮುಂದೆ ಕುಳಿತಳು.

ನಡುವೆ ಸೆಪ್ಟೆಂಬರಿನಲ್ಲಿ ಫಿಸ್ಟುಲಾ ಆಗಿತ್ತು. ಮಣಿಕಟ್ಟಿನಲ್ಲಿ ಆಗುವಂತಿರಲಿಲ್ಲ, ಎಡ ಮೊಣಕೈಯ ಮಡಿಕೆಯಲ್ಲಿ ಮಾಡಿದರು. ತೋಳಿಗೆ ಮರಗಟ್ಟಿಸುವ ಇಂಜೆಕ್ಷನ್, ಒಂದೂವರೆ ಗಂಟೆಯ ಕೆಲಸ, ಎರಡು ಇಂಚಿನ ಗಾಯ. ಸಂಜೆ ಡಾಕ್ಟರು ನನ್ನ ಬೆರಳನ್ನು ಹಿಡಿದು ಹೊಲಿಗೆಯ ಸ್ವಲ್ಪ ಮೇಲೆ ಇಟ್ಟರು. ಚರ್ಮದಡಿ ಏನೋ ಜುಮ್ಮೆನ್ನುತ್ತಿತ್ತು, ನಿಲ್ಲದ ಒಂದು ನಡುಕ. ಅವರು ಅದಕ್ಕೆ ಥ್ರಿಲ್ ಎಂದರು. ದಿನಕ್ಕೆ ಎರಡು ಸಲ ಮುಟ್ಟಿ ನೋಡಬೇಕು, ನಿಂತರೆ ರಾತ್ರಿಯಾದರೂ ಹೊರಟು ಬರಬೇಕು ಎಂದರು. ಅಮ್ಮ ಮುಟ್ಟಿ ನೋಡಿ ತನ್ನದೇ ಹೆಸರು ಕೊಟ್ಟಳು: "ತೋಟಕ್ಕೆ ಪಂಪು ಹಾಕಿದಾಗ ಪೈಪು ಮುಟ್ಟಿದ ಹಾಗೆ ಉಂಟು." ಅಂದಿನಿಂದ ನಮ್ಮ ಮನೆಯಲ್ಲಿ ಅದು ಪಂಪು. ಬೆಳಿಗ್ಗೆ ಫೋನು ಮಾಡಿದರೆ ನನ್ನ ಮೊದಲ ಪ್ರಶ್ನೆ, ಪಂಪು ಓಡುತ್ತಿದೆಯಾ ಅಮ್ಮಾ?

ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವಳು. ಎಡಗೈ ಬೆರಳುಗಳಲ್ಲಿ ಎಲೆ ಹಿಡಿದು, ಬಲಗೈಯಲ್ಲಿ ಹೊಗೆಸೊಪ್ಪು ಉದುರಿಸಿ, ಸುರುಳಿ ಸುತ್ತಿ, ನೂಲು ಕಟ್ಟುವಷ್ಟರಲ್ಲಿ ಕಣ್ಣು ಮುಂದಿನ ಎಲೆಯ ಮೇಲಿರುತ್ತಿತ್ತು. ನಮ್ಮಿಬ್ಬರ ಶಾಲೆಯ ಫೀಸು ಆ ಬೆರಳುಗಳಿಂದ ಬಂದದ್ದು. ಫಿಸ್ಟುಲಾ ಬೇಗ ಬಲಿಯಲೆಂದು ಎಡಗೈಯಲ್ಲಿ ಚೆಂಡು ಹಿಸುಕಲು ಹೇಳಿದಾಗ, "ಚೆಂಡು ಯಾಕೆ, ಬೀಡಿ ಕಟ್ಟುವ ಮೊರ ಕೊಡಿ" ಎಂದಳು. ಡಾಕ್ಟರು ಒಪ್ಪಲಿಲ್ಲ, ಹೊಗೆಸೊಪ್ಪಿನ ಧೂಳು ಬೇಡವೆಂದರು. ಮೊಮ್ಮಗನ ರಬ್ಬರ್ ಚೆಂಡು ಅವಳ ಕೈ ಸೇರಿತು.

ಇಷ್ಟಾದರೂ ಪಂಪು ಸರಿಯಾಗಿ ಓಡಲಿಲ್ಲ. ಆರು ವಾರದ ಹೊತ್ತಿಗೆ ಜೋಡಣೆಯ ಹತ್ತಿರ ನಡುಕದ ಬದಲು ನಾಡಿಯ ಹಾಗೆ ಢಬಢಬ ಬಡಿತ, ಅಲ್ಲಿಂದ ಮೇಲಕ್ಕೆ ಏನೂ ಇಲ್ಲ. ಫಿಸ್ಟುಲಾ ಬಳಕೆಗೆ ಬರಬೇಕಾದರೆ ಡಯಾಲಿಸಿಸ್ ಕೋಣೆಯವರು ಹೇಳುವ ಆರರ ಲೆಕ್ಕವೊಂದಿದೆ: ಆರು ವಾರದಲ್ಲಿ ನಾಳ 6 ಮಿಲಿಮೀಟರ್ ಅಗಲವಾಗಿರಬೇಕು, ಚರ್ಮದಿಂದ 6 ಮಿಲಿಮೀಟರಿಗಿಂತ ಆಳದಲ್ಲಿರಬಾರದು, ನಿಮಿಷಕ್ಕೆ 600 ಮಿಲಿಲೀಟರ್ ರಕ್ತ ಹರಿಯಬೇಕು. ಅಮ್ಮನದು ಯಾವುದಕ್ಕೂ ಹತ್ತಿರವಿರಲಿಲ್ಲ. ಮತ್ತೊಂದು ಆಪರೇಷನ್ ಎಂದು ನಾನು ಮನಸ್ಸು ಗಟ್ಟಿಮಾಡಿಕೊಂಡು ಹೋದೆ. ಡಾಕ್ಟರು "ಬೇಡ, ಬಲೂನ್ ಹಾಕೋಣ" ಎಂದರು.

ಹೃದಯಕ್ಕೆ ಬಲೂನ್ ಹಾಕುವುದನ್ನು ಕೇಳಿದ್ದೆ, ಕೈಗೂ ಹಾಕುತ್ತಾರೆಂದು ಗೊತ್ತಿರಲಿಲ್ಲ. ತೋಳಿನ ನಾಳಕ್ಕೆ ಒಂದು ಸೂಜಿ, ಸೂಜಿಯ ಮೂಲಕ ಕೂದಲಿಗಿಂತ ಸ್ವಲ್ಪ ದಪ್ಪದ ತಂತಿ, ತಂತಿಯ ಮೇಲೆ ಮಡಚಿಟ್ಟ ಬಲೂನ್. ಅಮ್ಮ ಎಚ್ಚರವಾಗಿಯೇ ಇದ್ದಳು. ಮುಗಿದ ಮೇಲೆ ಡಾಕ್ಟರು ನನ್ನನ್ನು ಒಳಗೆ ಕರೆದು ಪರದೆಯ ಚಿತ್ರಗಳನ್ನು ತೋರಿಸಿದರು. ಮೊದಲ ಚಿತ್ರದಲ್ಲಿ ಉಬ್ಬಿದ ಬಲೂನಿಗೆ ಡಮರುವಿನ ಹಾಗೆ ಸಣ್ಣ ನಡು. ನಾಳ ಅಲ್ಲಿ ಅಷ್ಟು ಬಿಗಿದಿತ್ತು. ಎರಡನೆಯದರಲ್ಲಿ ಒತ್ತಡ ಏರಿಸಿದಾಗ ನಡು ಸ್ವಲ್ಪ ಸಡಿಲ. ಮೂರನೆಯದರಲ್ಲಿ ನಡುವೇ ಇಲ್ಲ, ನೇರ ಕೊಳವೆ. ಗಾಯವೆಂದರೆ ಒಂದು ಹೊಲಿಗೆ, ಅದೂ ಮರುದಿನ ಬಿಚ್ಚುವಂಥದ್ದು. ಅಮ್ಮ ಹೊರಗೆ ಬಂದು ಕೈಯನ್ನು ನನ್ನತ್ತ ಚಾಚಿದಳು. ಮೊಣಕೈಯಿಂದ ತೋಳಿನ ಅರ್ಧದವರೆಗೂ ಜುಮ್ಮೆನ್ನುತ್ತಿತ್ತು.

ಚಾಕು ಹಿಡಿಯದೆ ನಾಳವನ್ನು ಸರಿಮಾಡಬಹುದಾದರೆ ಚಾಕು ಹಿಡಿಯದೆ ಫಿಸ್ಟುಲಾವನ್ನೇ ಮಾಡಬಾರದೇಕೆ ಎಂಬ ಪ್ರಶ್ನೆ ಅಂದು ಉಡುಪಿಯ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ, ಸುರತ್ಕಲ್ ದಾಟುವಾಗ ನನಗೆ ಹುಟ್ಟಿತು. ಅಮ್ಮ ಕಿಟಕಿಗೆ ಒರಗಿ ನಿದ್ದೆ ಹೋಗಿದ್ದಳು. ನಾನು ಮೊಬೈಲಿನಲ್ಲಿ ಹುಡುಕುತ್ತ ಹೋದೆ. ಅದಾಗಲೇ ನಡೆಯುತ್ತಿದೆ.

ಈ ದಾರಿಯ ಕಥೆ ದೊಡ್ಡದು. ನೆದರ್‌ಲೆಂಡ್ಸಿನ ವಿಲೆಮ್ ಕಾಲ್ಫ್ 1943ರಲ್ಲಿ, ಯುದ್ಧದ ನಡುವೆ, ಕೃತಕ ಕಿಡ್ನಿಯನ್ನು ಮನುಷ್ಯರ ಮೇಲೆ ಪ್ರಯೋಗಿಸಿದಾಗ ಪ್ರತಿ ಸಲವೂ ರಕ್ತನಾಳವನ್ನು ಕೊಯ್ದೇ ಒಳಗೆ ಹೋಗಬೇಕಿತ್ತು. ಯಂತ್ರ ಸಿದ್ಧ, ನಾಳಗಳು ಮುಗಿಯುತ್ತವೆ. ಹಾಗಾಗಿ ಕಿಡ್ನಿ ಶಾಶ್ವತವಾಗಿ ಕೆಟ್ಟವರಿಗೆ ಅದರಿಂದ ಪ್ರಯೋಜನವಿರಲಿಲ್ಲ. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ಅಪಧಮನಿಗೊಂದು, ಅಭಿಧಮನಿಗೊಂದು ಟೆಫ್ಲಾನ್ ಕೊಳವೆ ಇಟ್ಟು, ಡಯಾಲಿಸಿಸ್ ಇಲ್ಲದ ಹೊತ್ತಿನಲ್ಲಿ ಎರಡನ್ನೂ ಕೈಯ ಹೊರಗೇ ಸೇರಿಸಿಡುವ ಉಪಾಯ ಕಂಡುಹಿಡಿದರು. ಹಾಗೆ ಕೊಳವೆ ಹಾಕಿಸಿಕೊಂಡ ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ ಹನ್ನೊಂದು ವರ್ಷ ಬದುಕಿದರು. ಕೆಲವು ವಾರಗಳಲ್ಲಿ ಸಾಯಬೇಕಿದ್ದವರು! ಆಮೇಲೆ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಜೇಮ್ಸ್ ಸಿಮಿನೊ, ಮೈಕೆಲ್ ಬ್ರೆಶಿಯಾ ಮತ್ತು ಶಸ್ತ್ರವೈದ್ಯ ಕೆನೆತ್ ಅಪೆಲ್ ಹೊರಗಿನ ಕೊಳವೆಯನ್ನೇ ಬಿಟ್ಟು, ದೇಹದ ನಾಳವನ್ನು ದೇಹದ ನಾಳಕ್ಕೇ ಹೊಲಿದರು. ಮೊದಲ ಆಪರೇಷನ್ 1965ರಲ್ಲಿ, ಪ್ರಕಟಿಸಿದ್ದು 1966ರಲ್ಲಿ. ಸಿಮಿನೊ ಓದುವ ಕಾಲದಲ್ಲಿ ರಕ್ತ ತೆಗೆಯುವ ಕೆಲಸ ಮಾಡಿದ್ದವರು ಎಂದು ತಿಳಿದಾಗ ನನಗೆ ತುಂಬ ಸಂತೋಷವಾಯಿತು. ನಾಳದ ಬೆಲೆ ದಿನವೂ ಸೂಜಿ ಹಿಡಿದವರಿಗೇ ಮೊದಲು ತಿಳಿಯಿತು. ಅಮ್ಮನ ಮೊಣಕೈಯಲ್ಲಿ ಆದದ್ದು ಅದೇ ಜೋಡಣೆಯ ಇನ್ನೊಂದು ರೂಪ.

ಹೊಲಿಗೆಯಿಲ್ಲದ ಜೋಡಣೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ಕೊಟ್ಟದ್ದು 2018ರ ಜೂನ್‌ನಲ್ಲಿ, ಒಂದೇ ತಿಂಗಳಲ್ಲಿ ಎರಡು ಸಲಕರಣೆಗಳಿಗೆ. ವೇವ್‌ಲಿಂಕ್ ಎಂಬುದರಲ್ಲಿ ಅಪಧಮನಿಯೊಳಗೊಂದು, ಪಕ್ಕದ ಅಭಿಧಮನಿಯೊಳಗೊಂದು ತೆಳು ಕ್ಯಾಥೆಟರ್ ಹೋಗುತ್ತದೆ. ಎರಡರಲ್ಲೂ ಅಯಸ್ಕಾಂತವಿದೆ. ಎದುರುಬದುರಾದಾಗ ಒಂದನ್ನೊಂದು ಸೆಳೆದು ಎರಡೂ ನಾಳಗಳ ಗೋಡೆ ಅಂಟಿಕೊಳ್ಳುತ್ತವೆ. ಆಗ ರೇಡಿಯೊ ತರಂಗದ ಶಕ್ತಿ ಕ್ಷಣಮಾತ್ರದಲ್ಲಿ ನಡುವೆ ಸಣ್ಣ ಬಾಗಿಲು ತೆರೆಯುತ್ತದೆ. ಎಲಿಪ್ಸಿಸ್ ಎಂಬುದರಲ್ಲಿ ಕ್ಯಾಥೆಟರ್ ಒಂದೇ. ಮೊಣಕೈಯ ಕೆಳಗೆ ಮೇಲಿನ ನಾಳವನ್ನೂ ಆಳದ ನಾಳವನ್ನೂ ಕೂಡಿಸುವ ಒಂದು ಅಡ್ಡನಾಳವಿದೆ. ಅಲ್ಟ್ರಾಸೌಂಡ್ ನೋಡುತ್ತ ಅದರೊಳಗಿಂದ ಸೂಜಿಯನ್ನು ಪಕ್ಕದ ಅಪಧಮನಿಗೆ ದಾಟಿಸಿ, ಎರಡು ಗೋಡೆಗಳನ್ನು ಇಕ್ಕಳದ ಹಾಗೆ ಹಿಡಿದು, ಬಿಸಿ ಮತ್ತು ಒತ್ತಡದಿಂದ ಬೆಸೆಯುತ್ತಾರೆ. ಕೊಯ್ತವಿಲ್ಲ, ಗಾಯದ ಗುರುತಿಲ್ಲ. ಅನುಮತಿಗೆ ಮುಂಚಿನ ಅಧ್ಯಯನದಲ್ಲಿ ಎಲಿಪ್ಸಿಸ್ ಪ್ರಯೋಗಿಸಿದ್ದು 107 ಮಂದಿಯ ಮೇಲೆ, ನೂರಕ್ಕೆ 95ರಷ್ಟು ಜನರಲ್ಲಿ ಜೋಡಣೆಯಾಯಿತು. ವೇವ್‌ಲಿಂಕ್‌ನ ಮೊದಲ ರೂಪವನ್ನು 60 ಮಂದಿಯ ಮೇಲೆ ನೋಡಿದ್ದರು.

ಬಸ್ಸಿನಲ್ಲೇ ಅಮ್ಮನನ್ನು ಎಬ್ಬಿಸಿ ಹೇಳಬೇಕೆನಿಸಿತ್ತು. ಮುಂದಿನ ಭೇಟಿಯಲ್ಲಿ ಡಾಕ್ಟರಿಗೇ ಕೇಳಿದೆ. ಅವರು ನನ್ನ ಉತ್ಸಾಹವನ್ನು ತಣ್ಣಗಾಗಿಸದೆ, ಆದರೆ ಮುಚ್ಚುಮರೆಯಿಲ್ಲದೆ ಹೇಳಿದರು. ಅವರಲ್ಲಿ ಅದನ್ನು ಮಾಡುತ್ತಿರಲಿಲ್ಲ. ಇದ್ದರೂ ಎಲ್ಲರ ಕೈಗೂ ಒಗ್ಗುವುದಿಲ್ಲ. ನಾಳಗಳು ಕನಿಷ್ಠ 2 ಮಿಲಿಮೀಟರ್ ಇರಬೇಕು, ಎರಡೂ ಒಂದಕ್ಕೊಂದು ತೀರ ಹತ್ತಿರವಿರಬೇಕು. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಅಪಧಮನಿಯ ಗೋಡೆಗೆ ಸುಣ್ಣ ಕಟ್ಟಿರುತ್ತದೆ, ಅದೊಂದು ತೊಡಕು. ಹೀಗೆ ಮಾಡಿದ ಫಿಸ್ಟುಲಾದಲ್ಲಿ ರಕ್ತ ಎರಡು ಮೂರು ನಾಳಗಳಿಗೆ ಹಂಚಿಹೋಗುವುದರಿಂದ ಒಂದೇ ನಾಳ ಹಗ್ಗದಂತೆ ಎದ್ದು ಕಾಣುವುದಿಲ್ಲ, ಸೂಜಿ ಹಾಕುವವರಿಗೆ ಹೆಚ್ಚಿನ ಪಳಗಿದ ಕೈ ಬೇಕು, ಕೆಲವೊಮ್ಮೆ ಅಲ್ಟ್ರಾಸೌಂಡ್ ನೋಡಿಯೇ ಚುಚ್ಚಬೇಕಾಗುತ್ತದೆ. ಆ ಮೊದಲ ಅಧ್ಯಯನಗಳಲ್ಲಿ ಆಪರೇಷನ್ ಮಾಡಿಸಿಕೊಂಡವರನ್ನು ಪಕ್ಕದಲ್ಲಿಟ್ಟು ಹೋಲಿಸಿರಲಿಲ್ಲ. ಇಷ್ಟು ಹೇಳಿ ಕೊನೆಗೆ, "ಯಾವ ವಿಧಾನವಾದರೂ ಒಳ್ಳೆಯ ನಾಳ ಒಂದು ಉಳಿದಿರಬೇಕಲ್ಲಮ್ಮ" ಎಂದರು.

ಆ ಮಾತು ನನ್ನನ್ನು ಮತ್ತೆ ಸ್ಕ್ಯಾನಿಂಗ್ ಕೋಣೆಯ ಆ ಬೂದು ಚುಕ್ಕಿಗೆ ತಂದು ನಿಲ್ಲಿಸಿತು. ಅಯಸ್ಕಾಂತ ಎರಡು ನಾಳಗಳನ್ನು ಸೆಳೆದು ಕೂಡಿಸಬಲ್ಲದು, ಒಳಗೆ ಗಟ್ಟಿಯಾಗಿ ಮುಚ್ಚಿಹೋದ ನಾಳಕ್ಕೆ ಅದೇನು ಮಾಡೀತು? ಚಾಕುವಿಲ್ಲದ ವಿಧಾನಗಳು ಬರಲಿ, ನಮ್ಮ ಊರುಗಳಿಗೂ ಬರಲಿ, ಅಮ್ಮನಂಥವರ ಕೈಗೆಟುಕುವ ಬೆಲೆಗೆ ಬರಲಿ. ನಾನು ಮನಸಾರೆ ಬಯಸುತ್ತೇನೆ. ಆದರೆ ಎಲ್ಲಕ್ಕಿಂತ ಕಡಿಮೆ ಗಾಯದ, ಒಂದು ರೂಪಾಯಿ ಖರ್ಚಿಲ್ಲದ ಕೆಲಸ ಅದಕ್ಕೂ ಐದಾರು ವರ್ಷ ಮೊದಲೇ ಶುರುವಾಗಬೇಕು. ಅದು ಕಿಡ್ನಿ ಕ್ಷೀಣಿಸುತ್ತಿರುವವರ ಮುಂಗೈಗೂ ತೋಳಿಗೂ ಸೂಜಿ ಹಾಕದಿರುವುದು. ರಕ್ತ ತೆಗೆಯಬೇಕೇ, ಡ್ರಿಪ್ ಹಾಕಬೇಕೇ, ಹಸ್ತದ ಹಿಂಬದಿ ಇದೆ, ಅಲ್ಲಿಗೆ ಹಾಕಿ. ಇದು ನಾನು ಕಂಡುಹಿಡಿದದ್ದಲ್ಲ, ಕಿಡ್ನಿ ವೈದ್ಯರು ಬಹಳ ಕಾಲದಿಂದ ಹೇಳುತ್ತ ಬಂದದ್ದೇ. ಆದರೆ ಅದು ಜ್ವರದ ವಾರ್ಡಿಗೆ, ರಕ್ತಪರೀಕ್ಷೆಯ ಲ್ಯಾಬಿಗೆ, ನನ್ನಂಥ ಮಗಳ ಕಿವಿಗೆ ತಲುಪುವುದಿಲ್ಲ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕುತ್ತೇವೆ.

ಮೆಡಿಕಲ್ ಕಾಲೇಜುಗಳಿಗೆ ನಮ್ಮ ಎರಡು ಜಿಲ್ಲೆಗಳಲ್ಲಿ ಬರವಿಲ್ಲ. ಕಾಸರಗೋಡಿನಿಂದ, ಚಿಕ್ಕಮಗಳೂರಿನಿಂದ, ಉತ್ತರ ಕನ್ನಡದಿಂದ ಇಲ್ಲಿಗೇ ರೋಗಿಗಳು ಬರುತ್ತಾರೆ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ, ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ಬಡವರಿಗೂ ಡಯಾಲಿಸಿಸ್ ಸಿಗುತ್ತದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಎಷ್ಟೋ ಮನೆಗಳನ್ನು ಸಾಲದಿಂದ ಉಳಿಸಿದೆ. ಯಂತ್ರದ ಪಕ್ಕದ ಮಂಚ ಸಿಗುತ್ತಿದೆ ಎಂದಾದ ಮೇಲೆ ಆ ಮಂಚಕ್ಕೆ ಒಳ್ಳೆಯ ಕೈಯೊಂದನ್ನು ತೆಗೆದುಕೊಂಡು ಹೋಗುವುದು ನಮ್ಮ ಕೆಲಸ.

ಡಿಸೆಂಬರಿನಲ್ಲಿ ಅಮ್ಮನ ಫಿಸ್ಟುಲಾಕ್ಕೆ ಮೊದಲ ಸೂಜಿ ಬಿತ್ತು. ಸಾಮಾನ್ಯ ಇಂಜೆಕ್ಷನ್ನಿನ ಸೂಜಿಗಿಂತ ಬಹಳ ದಪ್ಪದವು, ಎರಡು: ಒಂದು ರಕ್ತ ಎಳೆಯಲು, ಒಂದು ಮರಳಿಸಲು. ಅಮ್ಮನಿಗೆ ವಾರಕ್ಕೆರಡು ಡಯಾಲಿಸಿಸ್, ಅಂದರೆ ವರ್ಷಕ್ಕೆ 208 ಚುಚ್ಚು. ವಾರಕ್ಕೆ ಮೂರು ಇರುವವರಿಗೆ 312. ಒಂದೇ ಜಾಗಕ್ಕೆ ಚುಚ್ಚುತ್ತ ಹೋದರೆ ನಾಳ ಅಲ್ಲಿ ಸಡಿಲಗೊಂಡು ಗಂಟಿನಂತೆ ಉಬ್ಬುತ್ತದೆ, ಅದಕ್ಕೆ ಏಣಿ ಹತ್ತುವ ಹಾಗೆ ಪ್ರತಿ ಸಲ ಸ್ವಲ್ಪ ಮೇಲೆ, ಸ್ವಲ್ಪ ಮೇಲೆ. ಟೆಕ್ನಿಷಿಯನ್ ಹುಡುಗ ಬೈಂದೂರಿನ ಕಡೆಯವನು. ಸೂಜಿ ಹಿಡಿಯುವ ಮುಂಚೆ ಕಣ್ಣು ಮುಚ್ಚಿ ಬೆರಳಿನಿಂದ ಇಡೀ ನಾಳವನ್ನು ಒಮ್ಮೆ ತಡವುತ್ತಾನೆ. ಅಮ್ಮ ಅವನಿಗೆ ಹೇಳಿದಳು, "ನೀನು ಬೀಡಿ ಕಟ್ಟಿದ್ದರೆ ದಿನಕ್ಕೆ ಸಾವಿರ ಕಟ್ಟುತ್ತಿದ್ದೆ ಮಾರಾಯ." ಜನವರಿಯಲ್ಲಿ ಕುತ್ತಿಗೆಯ ಕ್ಯಾಥೆಟರ್ ತೆಗೆದರು. ಗಾಯ ಒಣಗಿದ ಮೇಲೆ ಒಂದು ಭಾನುವಾರ ಅಮ್ಮ ಬಚ್ಚಲಿನಲ್ಲಿ ಮುಕ್ಕಾಲು ಗಂಟೆ ಇದ್ದಳು. ಹಂಡೆ ಖಾಲಿಯಾಗಿ ನಾನು ಮತ್ತೆ ಬೆಂಕಿ ಹಾಕಬೇಕಾಯಿತು.

ಎಳನೀರು ಬಿಟ್ಟಳು, ಗಂಜಿಯ ತಿಳಿ ಬಿಟ್ಟಳು. ಬೊಂಡದ ಮರ ಅಂಗಳದಲ್ಲೇ ಇರುವಾಗ ಸೋತ ಕಿಡ್ನಿ ಹೊರಹಾಕಲಾರದ ಪೊಟ್ಯಾಸಿಯಂ ಲೆಕ್ಕ ಹಾಕುವುದು ಕರಾವಳಿಯವರಿಗೆ ದೊಡ್ಡ ತ್ಯಾಗವೇ, ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಕಳೆದ ತಿಂಗಳು ಅಮ್ಮನಿಗೆ ಕೆಮ್ಮು ಜೋರಾಗಿ ಮತ್ತೆ ಮೂರು ದಿನ ವಾರ್ಡಿನಲ್ಲಿದ್ದೆವು. ಸಿಸ್ಟರ್ ಹೊಸಬರು. ಟ್ರೇ ಹಿಡಿದು ಬಂದು "ಯಾವ ಕೈಗೆ ಹಾಕಲಿ ಅಮ್ಮಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಎಡಗೈಯನ್ನು ಹೊದಿಕೆಯೊಳಗೆ ಎಳೆದುಕೊಂಡು, ಬಲಗೈಯ ಹಸ್ತವನ್ನು ಬೋರಲು ಮಾಡಿ ಮುಂದೆ ಚಾಚಿದಳು. "ಇಲ್ಲಿಗೆ, ಬೆರಳಿನ ಹತ್ತಿರಕ್ಕೆ ಹಾಕಿ. ಆ ಕೈಯಲ್ಲಿ ಪಂಪು ಉಂಟು." ಸಿಸ್ಟರಿಗೆ ಅರ್ಥವಾಗದೆ ನನ್ನನ್ನು ನೋಡಿದರು. ನಾನು ಹೊದಿಕೆ ಸರಿಸಿ ಅವರ ಬೆರಳನ್ನು ಅಮ್ಮನ ಎಡತೋಳಿನ ಮೇಲೆ ಇಟ್ಟೆ.

ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಬಂತು. ಬಲಗೈಗೆ ಪಟ್ಟಿ ಸುತ್ತಿದ್ದರಿಂದ ನಾನೇ ಕಲಸಿ ತುತ್ತು ಮಾಡಿ ತಿನ್ನಿಸಿದೆ. ಎರಡು ತುತ್ತು ನುಂಗಿ ಅಮ್ಮ ಬಟ್ಟಲಿನ ಸುತ್ತ ಕಣ್ಣಾಡಿಸಿದಳು. "ಸ್ವಲ್ಪ ಉಪ್ಪಿನಕಾಯಿ ತಂದಿಲ್ಲವಾ ಮಗಳೇ?"